ಬೆಂಕಿಯ ಸುತ್ತ ಬಾಯಿಬಿಡುವ ಕಥೆಗಳು

ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಒಂದು ಕೆರೆಯಿದೆ. ಕೆರೆಯ ಪಕ್ಕದಲ್ಲಿ ಗುಡ್ಡ, ಗುಡ್ಡದ ಮೇಲೆ ಕುರುಚಲು ಕಾಡು. ದಾವಣಗೆರೆ ಮತ್ತು ಹರಿಹರದ ಜನರಿಗೆ ಇದು ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ಆದರೆ ನಾಡಿನ ಬೇರೆ ಬೇರೆ ಊರುಗಳ ಶಾಲಾ ಮಕ್ಕಳಿಗೆ ಕೊಂಡಜ್ಜಿ ಎಂದರೆ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದ ನೆನಪು. ಹಗಲೆಲ್ಲ ಹಗ್ಗದ ಗಂಟು ಕಲಿಯುವುದು, ಡೇರೆ ಹೊಡೆಯುವುದು, ದಾರಿಯ ಗುರುತು ಹಿಡಿಯುವುದು. ಕತ್ತಲಾದ ಮೇಲೆ ಎಲ್ಲರೂ ಕಾಯುವುದು ಒಂದಕ್ಕೇ: ಶಿಬಿರಾಗ್ನಿ, ಅಂದರೆ ಕ್ಯಾಂಪ್ ಫೈರ್.

ಬೆಂಕಿ ಹೊತ್ತಿಕೊಂಡ ಕೂಡಲೇ ವಿಚಿತ್ರ ವ್ಯಕ್ತಿಗಳೆಲ್ಲ ಎಲ್ಲಿಂದಲೋ ಎದ್ದು ಬರುತ್ತಾರೆ. ಹೊದ್ದುಕೊಳ್ಳುವ ಕಂಬಳಿಯೇ ಸೀರೆಯಾಗಿ, ಮಸಿಯೇ ಮೀಸೆಯಾಗಿ, ಊರುಗೋಲೇ ಬಂದೂಕಾಗುತ್ತದೆ. ಕೇಳಿದ್ದಕ್ಕೆಲ್ಲ ತಪ್ಪು ಉತ್ತರ ಕೊಡುವ ಕಿವುಡ ಅಜ್ಜ, ಸೂಜಿ ಕಂಡರೆ ತಾನೇ ಹೆದರುವ ಡಾಕ್ಟರು, ಹಣೆಯ ಮೇಲಿನ ಕನ್ನಡಕವನ್ನು ಊರೆಲ್ಲ ಹುಡುಕುವ ಮೇಷ್ಟ್ರು! ಕಂಪನಿ ನಾಟಕ ನೋಡಿ ಬೆಳೆದ ಹಿರಿಯರಿಗೆ ಇವರು ಹೊಸಬರೇನಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದೇ. ಕಂಪನಿ ನಾಟಕದಲ್ಲಿ ಹಾಸ್ಯದ ಪಾತ್ರವಿಲ್ಲದೆ ಕಥೆ ಮುಂದೆ ಸಾಗುತ್ತಿರಲಿಲ್ಲ. ಶಿಬಿರದ ಕಿರುಪ್ರಹಸನಗಳಲ್ಲಿಯೂ ಹಾಗೆಯೇ.

ನೋಡುವವರಿಗೆ ಇದೆಲ್ಲ ಗದ್ದಲದಂತೆ ಕಂಡರೂ ಅದಕ್ಕೊಂದು ಕ್ರಮವಿದೆ. ಎಲ್ಲವನ್ನೂ ನಡೆಸಿಕೊಡಲು ಒಬ್ಬ ನಾಯಕನಿರುತ್ತಾನೆ. ಬೆಂಕಿ ಜೋರಾಗಿ ಉರಿಯುವಾಗ ಕುಣಿತ, ಘೋಷಣೆ, ಬಗೆಬಗೆಯ ಚಪ್ಪಾಳೆ. ಒಂದು ಬೆರಳಿನಿಂದ ಶುರುವಾಗಿ ಐದೂ ಬೆರಳು ಸೇರುವ ಹೊತ್ತಿಗೆ ಮಳೆ ಸುರಿದಂತೆ ಕೇಳುವ ಚಪ್ಪಾಳೆಯನ್ನು ಒಮ್ಮೆ ತಟ್ಟಿದವರು ಮರೆಯಲಾರರು. ಜ್ವಾಲೆ ತಗ್ಗಿದಂತೆ ಹಾಡೂ ನಿಧಾನವಾಗುತ್ತದೆ. ಕೆಂಡ ಉಳಿದಾಗ ಹಿರಿಯರೊಬ್ಬರು ಕಥೆ ಹೇಳುತ್ತಾರೆ. ಕೊನೆಗೆ ಪ್ರಾರ್ಥನೆ, ಮೌನ, ನಿದ್ರೆ. ಬೆಂಕಿಯ ಏರಿಳಿತವೇ ಕಾರ್ಯಕ್ರಮದ ಪಟ್ಟಿ ಎನ್ನಬಹುದು.

ಈ ಪದ್ಧತಿಯ ಮೂಲ 1907ರಲ್ಲಿದೆ. ಆ ವರ್ಷದ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದು ಶಿಬಿರ ನಡೆಸಿದರು. ಸಿರಿವಂತರ ಮಕ್ಕಳು, ದುಡಿಯುವವರ ಮಕ್ಕಳು ಇಬ್ಬರೂ ಅದರಲ್ಲಿದ್ದರು. ರಾತ್ರಿ ಬೆಂಕಿಯ ಬಳಿ ಕುಳಿತು ಅವರು ಹೇಳಿದ ಅನುಭವದ ಕಥೆಗಳೇ ಮರುದಿನದ ಪಾಠಕ್ಕೆ ಪೀಠಿಕೆ. 1908ರಲ್ಲಿ ಅವರು ಬರೆದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕದ ಭಾಗಗಳಿಗೆ ಇಟ್ಟ ಹೆಸರೂ ಶಿಬಿರಾಗ್ನಿಯ ಕಥೆಗಳೆಂದೇ.

ಮರುವರ್ಷವೇ, 1909ರಲ್ಲಿ, ಈ ಚಳವಳಿ ಬೆಂಗಳೂರಿಗೆ ಬಂತು. ಆದರೆ ಆಗ ಅದರಲ್ಲಿ ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಆ ಬೇಲಿಯನ್ನು ಮುರಿಯಲು ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರು ಪ್ರತ್ಯೇಕ ಸಂಘಗಳನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಕರ್ನಾಟಕದಲ್ಲಿ ಅದನ್ನು ಮುನ್ನಡೆಸಿದವರಲ್ಲಿ ಕೊಂಡಜ್ಜಿ ಬಸಪ್ಪನವರು ಪ್ರಮುಖರು. 1977ರಲ್ಲಿ ದಾವಣಗೆರೆಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅವರ ಹೆಸರು ಇಂದಿಗೂ ಬೆಂಗಳೂರಿನ ಸ್ಕೌಟ್ಸ್ ಸಭಾಂಗಣಕ್ಕಿದೆ. ಅವರ ಊರಿನ ಕೆರೆಯ ಬಳಿ ತರಬೇತಿ ಕೇಂದ್ರ ಇರುವುದು ಆಕಸ್ಮಿಕವಲ್ಲ.

ಹಾಗಾದರೆ ಬೆಂಕಿಯ ಸುತ್ತ ಕಥೆ ಹೇಳುವುದನ್ನು ನಮಗೆ ಬ್ರೌನ್‌ಸೀ ದ್ವೀಪ ಕಲಿಸಿತೇ? ಖಂಡಿತ ಇಲ್ಲ. ಸುಗ್ಗಿಯ ಚಳಿಯಲ್ಲಿ ರಾಶಿ ಕಾಯುತ್ತ ಕಣದಲ್ಲಿ ಮಲಗುವ ರೈತರು ಬೆಂಕಿ ಕಾಯಿಸಿಕೊಳ್ಳುತ್ತ ಒಗಟು, ಕಥೆ, ಲಾವಣಿಗಳಲ್ಲಿ ರಾತ್ರಿ ಕಳೆದದ್ದು ಎಷ್ಟು ಕಾಲದಿಂದಲೋ. ಕಾಮನ ಹುಣ್ಣಿಮೆಗೆ ಕಟ್ಟಿಗೆ ಕೂಡಿಹಾಕಿ ಕಾಮನನ್ನು ಸುಡುವಾಗ ಹಾಡು, ಹಾಸ್ಯ ಎರಡಕ್ಕೂ ಕಡಿವಾಣವಿರುವುದಿಲ್ಲ. ಮೊಹರಮ್ಮಿನಲ್ಲಿ ಹಳ್ಳಿಗಳ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರಿಬ್ಬರೂ ಹೆಜ್ಜೆ ಹಾಕುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಹುಲಿವೇಷದವರು ನಡುವೆ ನುಗ್ಗಿ ಮಕ್ಕಳನ್ನು ಹೆದರಿಸುತ್ತಾರೆ.

ಕಥೆಗಳಿಗಂತೂ ಈ ಸೀಮೆಯಲ್ಲಿ ಬರವಿಲ್ಲ. ಹರಿಯಿಂದಲೂ ಸಾವು ಬಾರದಿರಲಿ, ಹರನಿಂದಲೂ ಬಾರದಿರಲಿ ಎಂದು ವರ ಪಡೆದ ಗುಹಾಸುರ, ಅವನನ್ನು ಕೊಲ್ಲಲು ಒಂದೇ ಮೈಯಾಗಿ ಬಂದ ಹರಿಹರ! 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ದೇವಾಲಯದಲ್ಲಿ ಆ ಮೂರ್ತಿಯನ್ನು ಕಂಡ ಹರಿಹರದ ಮಗುವಿಗೆ ಈ ಕಥೆ ಹೇಳಲು ಪುಸ್ತಕ ಬೇಕಾಗದು.

ಹಗಲಿನಲ್ಲಿ ಬಾರದ ಕಥೆ ರಾತ್ರಿ ಬೆಂಕಿಯ ಬಳಿ ಏಕೆ ಬರುತ್ತದೆ? ಮಾನವಶಾಸ್ತ್ರಜ್ಞೆ ಪಾಲಿ ವೀಸ್ನರ್ ಆಫ್ರಿಕದ ಕಲಹರಿ ಸೀಮೆಯ ಬುಡಕಟ್ಟಿನ ಜನರ ಮಾತುಕತೆಯನ್ನು ಗಮನಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಗಲಿನ ಮಾತಿನಲ್ಲಿ ಕಥೆಯ ಪಾಲು ಬರೀ ಶೇಕಡಾ 6. ಉಳಿದದ್ದರಲ್ಲಿ ಹೆಚ್ಚಿನದು ದೂರು, ಟೀಕೆ, ಹೊಟ್ಟೆಪಾಡಿನ ವಿಚಾರ. ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಶೇಕಡಾ 81ರಷ್ಟು ಮಾತು ಕಥೆಯೇ. ಕತ್ತಲಲ್ಲಿ ಕೆಲಸ ಮಾಡಲಾಗದು. ಬೆಳಕು ಇಷ್ಟೇ ಇರುವುದರಿಂದ ಎಲ್ಲರೂ ಹತ್ತಿರ ಕೂರಬೇಕು. ಮುಖ ಅರ್ಧ ಕಾಣುವುದರಿಂದ ಸಂಕೋಚವೂ ಅರ್ಧ ಎಂದು ನಾವು ಸೇರಿಸಿಕೊಳ್ಳಬಹುದು.

ಈ ಸಂಕೋಚದ ಮಾತು ಸಣ್ಣದಲ್ಲ. ತರಗತಿಯಲ್ಲಿ ಎದ್ದು ನಿಲ್ಲಲೂ ನಡುಗುವ ಹುಡುಗ ಕಂಬಳಿ ಹೊದ್ದು ಕಿವುಡ ಅಜ್ಜನಾದಾಗ ಎಲ್ಲರನ್ನೂ ನಗಿಸುತ್ತಾನೆ. ತಪ್ಪಿದರೂ ಅಡ್ಡಿಯಿಲ್ಲ, ತಪ್ಪಿದ್ದು ಅಜ್ಜ ತಾನೆ! ಅಂಕವಿಲ್ಲ, ಬಹುಮಾನವಿಲ್ಲ. ಒಳ್ಳೆಯ ದನಿಯಿಲ್ಲದವಳ ಹಾಡಿಗೂ ಇಡೀ ವೃತ್ತ ದನಿಗೂಡಿಸುತ್ತದೆ.

ಮಾತು ಒಳಗೇ ಉಳಿದರೆ ಏನಾಗುತ್ತದೆಂಬುದಕ್ಕೆ ಕನ್ನಡದ್ದೇ ಒಂದು ಜನಪದ ಕಥೆಯಿದೆ. ಎ.ಕೆ. ರಾಮಾನುಜನ್ ತಮ್ಮ ಸಂಗ್ರಹದಲ್ಲಿ ಸೇರಿಸಿದ್ದು. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಉಸಿರುಗಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಜೋಡಾಯಿತು, ಹಾಡು ಗಂಡಸಿನ ಅಂಗಿಯಾಯಿತು. ಮನೆಗೆ ಬಂದ ಗಂಡ ಇವು ಯಾರವೆಂದು ಸಂಶಯಪಟ್ಟು ಜಗಳವಾಡಿ, ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳನ್ನು ಆರಿಸಿದ ಮೇಲೆ ಜ್ವಾಲೆಗಳೆಲ್ಲ ರಾತ್ರಿ ಅದೇ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ತಡವಾಗಿ ಬಂದ ಅವನ ಮನೆಯ ಜ್ವಾಲೆ ನಡೆದದ್ದನ್ನು ಹೇಳಿತು. ಅವನು ಓಡಿಬಂದು ಕೇಳಿದರೆ, ಅವಳಿಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು. ಗಿರೀಶ್ ಕಾರ್ನಾಡರ ‘ನಾಗಮಂಡಲ’ದಲ್ಲಿ ಹರಟೆಗೆ ಕೂಡುವ ಜ್ವಾಲೆಗಳು ಬಂದದ್ದು ಈ ಕಥೆಯಿಂದಲೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೇಸಿಗೆಯಲ್ಲಿ ಈ ಭಾಗದ ಗುಡ್ಡಗಳ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿಯಿಲ್ಲದೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಶಿಬಿರದ ನಿಯಮವೂ ಅದಕ್ಕೆ ತಕ್ಕಂತಿದೆ. ಸುತ್ತಲಿನ ತರಗೆಲೆ ಗುಡಿಸಬೇಕು, ನೀರು, ಮರಳು ಪಕ್ಕದಲ್ಲಿರಬೇಕು, ಕೆಂಡಕ್ಕೆ ನೀರು ಹೊಯ್ದು ಬೂದಿ ತಣ್ಣಗಾಯಿತೆಂದು ನೋಡಿಯೇ ಮಲಗಬೇಕು. ಗಾಳಿ ಜೋರಿದ್ದರೆ ಒಂದು ಲಾಟೀನು ನಡುವೆ ಇಟ್ಟರೂ ಸಾಕು.

ಏಕೆಂದರೆ ಬೇಕಾದದ್ದು ದೊಡ್ಡ ಬೆಂಕಿಯಲ್ಲ. ಬೇಕಾದದ್ದು ಒಂದು ಸಣ್ಣ ಬೆಳಕು, ಅದರ ಸುತ್ತ ಕೂತ ನಾಲ್ಕು ಮಂದಿ, ಮತ್ತು ಒಬ್ಬರು ಹೇಳುವಾಗ ಉಳಿದವರ ‘ಹೂಂ’. ಇಂದು ಮನೆಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬೆಳಕಿನ ಪರದೆಯಿದೆ. ಆದರೆ ಅದರ ಸುತ್ತ ನಾಲ್ವರು ಕೂರಲಾಗದು. ಹೇಳದೆ ಉಳಿದ ಕಥೆಗಳು ಯಾವ ಮನೆಯಲ್ಲಿ ಜೋಡಾಗಿ ಬಾಗಿಲಲ್ಲಿ ಕುಳಿತಿವೆಯೋ, ಯಾರು ಬಲ್ಲರು?