ಹೆಸರಿನೊಳಗಣ ಹೊನ್ನು

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುಮಾರ್ಗದಲ್ಲಿ ಬಂಗಾರಪೇಟೆ ಎಂಬ ನಿಲ್ದಾಣವಿದೆ. ಕೋಲಾರದ ಚಿನ್ನದ ಗಣಿಗಳ ಕಡೆಗೆ ಹೋಗುವ ದಾರಿ ಕವಲೊಡೆಯುವುದು ಇಲ್ಲಿಯೇ. ಗಣಿಯ ಬಂಗಾರದಿಂದಲೇ ಊರಿಗೆ ಈ ಹೆಸರು ಬಂದಿತೆಂದು ಹೊಸಬರು ಭಾವಿಸುವುದು ಸಹಜ. ಆದರೆ ಇದರ ಹಿಂದಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರು ಸಂಸ್ಥಾನದ ಕಮಿಷನರಾಗಿದ್ದ ಲೆವಿನ್ ಬೆಂಥಾಮ್ ಬೌರಿಂಗರ ನೆನಪಿಗೆ ಇಟ್ಟ ಹೆಸರು ಅದು. ಧ್ವನಿಯಲ್ಲಿ ಅದಕ್ಕೆ ಸಮೀಪವಾಗಿಯೂ ಅರ್ಥದಲ್ಲಿ ಗಣಿನಾಡಿಗೆ ಒಪ್ಪುವಂತೆಯೂ ಇರುವ ಬಂಗಾರಪೇಟೆ ಎಂಬ ಹೆಸರು ಮುಂದೆ ನೆಲೆನಿಂತಿತು. ಗಣಿಪ್ರದೇಶದ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳು ಮಾತ್ರ ಆಂಗ್ಲರ ಹೆಸರುಗಳನ್ನೇ ಉಳಿಸಿಕೊಂಡಿವೆ.

ಊರಿನ ಹೆಸರಿನಲ್ಲಿ ಇಷ್ಟು ಚರಿತ್ರೆ ಅಡಗಿರುವಾಗ ಮನುಷ್ಯರ ಹೆಸರಿನಲ್ಲಿ ಅಡಗಿರದೆ ಇದ್ದೀತೆ? 1880ರಲ್ಲಿ ಜಾನ್ ಟೇಲರ್ ಕಂಪನಿಯು ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಬಳಿಕ ಉತ್ತರ ಆರ್ಕಾಟು, ಸೇಲಂ ಕಡೆಗಳಿಂದ ತಮಿಳರೂ ಚಿತ್ತೂರಿನ ಕಡೆಯಿಂದ ತೆಲುಗರೂ ಇಲ್ಲಿಗೆ ಬಂದರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ನುರಿತ ಗಣಿಗಾರರು ಬಂದರು. ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆಸಿದವು. ಸುತ್ತಲಿನ ಹಳ್ಳಿಗಳ ಕನ್ನಡಿಗರಂತೂ ಇದ್ದೇ ಇದ್ದರು. ಹೀಗೆ ಒಂದೇ ಬೀದಿಯ ತೊಟ್ಟಿಲುಗಳಲ್ಲಿ ಹಲವು ನುಡಿಗಳ ಹೆಸರುಗಳು ಕೇಳಿಬರುವಂತಾಯಿತು.

ಚಿನ್ನವನ್ನೇ ತೆಗೆದುಕೊಳ್ಳೋಣ. ಕನ್ನಡದ ಹೊನ್ನಪ್ಪ, ತಮಿಳಿನ ಪೊನ್ನುಸ್ವಾಮಿ ಮತ್ತು ತಂಗರಾಜ್, ತೆಲುಗಿನ ಬಂಗಾರಯ್ಯ, ಸಂಸ್ಕೃತದ ಕನಕ ಮತ್ತು ಹೇಮ, ಪಾರಸಿಯಿಂದ ಬಂದ ಜರೀನಾ, ಇವೆಲ್ಲವೂ ಬಂಗಾರದ ಹೆಸರುಗಳೇ. ಲೋಹ ಒಂದೇ ಆದರೂ, ಕೇಳಿದವರು ಪ್ರತಿಯೊಂದು ಹೆಸರಿನಿಂದಲೂ ಬೇರೊಂದು ಮನೆಯನ್ನೂ ಬೇರೊಂದು ದೇವರನ್ನೂ ಊಹಿಸಿಕೊಳ್ಳುತ್ತಾರೆ.

ಆ ಊಹೆ ಎಷ್ಟೋ ಸಲ ತಪ್ಪುವುದೂ ಉಂಟು. ಚಿನ್ನಪ್ಪ ಎಂಬ ಹೆಸರನ್ನು ಕೇಳಿದ ಕನ್ನಡಿಗನಿಗೆ ಬಂಗಾರ ನೆನಪಾಗುತ್ತದೆ. ತಮಿಳು, ತೆಲುಗುಗಳಲ್ಲಿ ‘ಚಿನ್ನ’ ಎಂದರೆ ಸಣ್ಣದು, ಕಿರಿಯದು. ಲ್ಯಾಟಿನಿನಲ್ಲಿ ಪೌಲುಸ್ ಎಂಬುದಕ್ಕೂ ಸಣ್ಣವನೆಂದೇ ಅರ್ಥ. ಆದಕಾರಣ ತಮಿಳು ಕ್ಯಾಥೊಲಿಕರು ಸಂತ ಪೌಲನನ್ನು ಚಿನ್ನಪ್ಪರ್ ಎಂದು ಕರೆದರು. ಸಂತ ಕ್ಸೇವಿಯರನ ಹೆಸರಿನಿಂದ ಸವರಿಮುತ್ತು ಎಂಬ ಹೆಸರು ಹುಟ್ಟಿತು. ಹೆಸರನ್ನು ಕೇಳಿದೊಡನೆ ಮತವನ್ನು ನಿರ್ಧರಿಸುವವರು ಚಿನ್ನಪ್ಪನ ಮುಂದೆ ಸ್ವಲ್ಪ ತಡವರಿಸಬೇಕಾಗುತ್ತದೆ.

ಅರ್ಥವೊಂದೇ ಆಗಿದ್ದರೂ ಮರ್ಯಾದೆ ಬೇರೆಯಾಗುವ ಹೆಸರುಗಳೂ ಇವೆ. ಕೃಷ್ಣ ಎಂದರೆ ಕಪ್ಪು. ಕರಿಯ ಎಂದರೂ ಕಪ್ಪೇ. ಆದರೆ ಮಗುವಿಗೆ ಕೃಷ್ಣ ಎಂದು ಹೆಸರಿಟ್ಟರೆ ನೆರೆಯವರು ಮೆಚ್ಚುತ್ತಾರೆ. ಅಜ್ಜನ ಹೆಸರೆಂದು ಕರಿಯಪ್ಪ ಎಂದು ಇಡಹೊರಟರೆ ಮನೆಯವರೇ ಶಾಲೆಯಲ್ಲಿ ಹುಡುಗರು ನಕ್ಕಾರೆಂದು ಹಿಂಜರಿಯುತ್ತಾರೆ. ತಪ್ಪು ಬಣ್ಣದ್ದಲ್ಲ, ಒಂದು ನುಡಿಯನ್ನು ಮೇಲಿನದೆಂದೂ ಇನ್ನೊಂದನ್ನು ಕೀಳೆಂದೂ ಎಣಿಸಿದ ಕಿವಿಯದು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸಿಗೆ ತಿಪ್ಪ ಎಂದು ಹೆಸರಿಡುತ್ತಿದ್ದರು. ತಿಪ್ಪೆಗೆ ಎಸೆದ ವಸ್ತುವೆಂದು ತಿಳಿದು ಮೃತ್ಯುವು ಮುಟ್ಟದಿರಲಿ ಎಂಬುದು ಆ ತಾಯಂದಿರ ಆಸೆ. ಇಂದು ನಗೆಗೆ ಈಡಾಗುವ ಆ ಹೆಸರಿನ ಹಿಂದೆ ಎಷ್ಟು ಕಣ್ಣೀರು ಇದ್ದಿತೋ!

ಮನುಸ್ಮೃತಿಯು ಬ್ರಾಹ್ಮಣನ ಹೆಸರು ಮಂಗಳಸೂಚಕವಾಗಿಯೂ ಶೂದ್ರನ ಹೆಸರು ಹೀನತೆಯನ್ನು ತೋರುವಂತೆಯೂ ಇರಬೇಕೆಂದು ವಿಧಿಸಿತು. ಹೆಸರು ಹೀಗೆ ಜಾತಿಯ ಗುರುತುಪಟ್ಟಿಯಾದುದನ್ನು ಒಪ್ಪದವರೂ ಇದ್ದರು. ಕಾತವರಾಯನ್ ಎಂಬ ಬಾಲಕನು ಗುರುವಿನ ಮೇಲಣ ಗೌರವದಿಂದ ಅವರ ಹೆಸರನ್ನೇ ಧರಿಸಿ ಅಯೋತ್ತಿದಾಸರೆಂದು ಪ್ರಸಿದ್ಧನಾದನು. ಅವರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. ಅದರ ಶಾಖೆ ಗಣಿಯ ಮಾರಿಕುಪ್ಪದಲ್ಲಿಯೂ ಬೆಳೆಯಿತು. ಗೌತಮ, ಸಿದ್ಧಾರ್ಥ ಎಂಬಂಥ ಹೆಸರುಳ್ಳವನ ಕುಲವನ್ನು ಕೇಳಿದವರು ಸುಲಭವಾಗಿ ಊಹಿಸಲಾರರು. 1929ರಲ್ಲಿ ಚೆಂಗಲ್‌ಪಟ್ಟಿನ ಸ್ವಾಭಿಮಾನ ಸಮ್ಮೇಳನದಲ್ಲಿ ಅನೇಕರು ತಮ್ಮ ಹೆಸರಿನ ಕೊನೆಯ ಜಾತಿಸೂಚಕ ಪದವನ್ನೇ ಕೈಬಿಟ್ಟರು.

ಈ ಗುರುತು ಕೇವಲ ಮಾತಿನದಲ್ಲ, ಅನ್ನಕ್ಕೂ ತಟ್ಟುವಂಥದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಭಾರತದ ಖಾಸಗಿ ಸಂಸ್ಥೆಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಲ್ಜಾತಿಯದೆಂದು ತೋರುವ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರುವ ಸಂಭವ ಕಡಿಮೆಯಿತ್ತು. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅಮೆರಿಕದ ಷಿಕಾಗೋ, ಬಾಸ್ಟನ್ ನಗರಗಳಲ್ಲಿ ಇಂಥದೇ ಪರೀಕ್ಷೆ ನಡೆದಾಗ ಬಿಳಿಯರದೆಂದು ತೋರುವ ಹೆಸರುಗಳಿಗೆ ಕರಿಯರ ಹೆಸರುಗಳಿಗಿಂತ ಸುಮಾರು ಶೇಕಡಾ 50ರಷ್ಟು ಹೆಚ್ಚು ಕರೆಗಳು ಬಂದವು.

2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಹಸ್ರಾರು ಜನರಿಗೆ ಬೆಂಗಳೂರಿನ ದುಡಿಮೆಯೇ ಆಧಾರವಾಯಿತು. ಮುಂಜಾನೆಯ ರೈಲಿನಲ್ಲಿ ತೂಕಡಿಸುತ್ತಾ ಹೋಗುವವರ ಅರ್ಜಿಯ ಮೊದಲ ಸಾಲಿನಲ್ಲಿರುವುದು ಹೆಸರೇ. ಆದ್ದರಿಂದಲೇ ಇಲ್ಲಿಯ ತಂದೆತಾಯಿಗಳು ಅಜ್ಜನ ಹೆಸರನ್ನು ಉಳಿಸುವುದೋ, ಯಾರೂ ಗುರುತಿಸಲಾಗದ ಹೊಸ ಹೆಸರನ್ನು ಇಡುವುದೋ ಎಂದು ಯೋಚಿಸುವುದನ್ನು ಬರಿಯ ಶೋಕಿಯೆನ್ನಲಾಗದು. ಕಾನೂನು ಅವರನ್ನು ಅವಸರಪಡಿಸುವುದಿಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಹೆಸರಿಲ್ಲದೆಯೂ ಮಗುವಿನ ಜನನವನ್ನು ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ ಹದಿನೈದು ವರ್ಷಗಳವರೆಗೆ ಅಲ್ಪ ಶುಲ್ಕ ಕೊಟ್ಟು ಹೆಸರನ್ನು ಬರೆಸಬಹುದು. ಮನೆಯಲ್ಲಿ ಮಾತ್ರ ಅಜ್ಜಿಯು ಅಷ್ಟು ದಿನ ಕಾಯುವುದಿಲ್ಲ. ತೊಟ್ಟಿಲು ತೂಗುತ್ತಾ ತನಗೆ ತೋಚಿದ ಹೆಸರಿನಿಂದ ಕರೆದೇಬಿಡುತ್ತಾಳೆ.