ಆಮೆಯ ಕೆಂಪು ಎಲ್ಲಿ ಹೋಯಿತು?

ಆಮೆಯನ್ನು ಸಾಕಿದ ಮನೆಗಳಲ್ಲಿ ಒಂದಲ್ಲ ಒಂದು ದಿನ ಮಗು ಓಡಿಬಂದು, “ಅಮ್ಮ, ನಮ್ಮ ಆಮೆಯ ಕೆಂಪು ಎಲ್ಲಿ ಹೋಯಿತು?” ಎಂದು ಕೇಳುವುದುಂಟು. ಅಂಗಡಿಯಿಂದ ತಂದ ದಿನ ಕಣ್ಣಿನ ಹಿಂದೆ ಕುಂಕುಮ ತೀಡಿದಂತೆ ಹೊಳೆಯುತ್ತಿದ್ದ ಪಟ್ಟೆ ಮಾಸಿರುತ್ತದೆ. ಕತ್ತಿನ ಹಳದಿ ಗೆರೆಗಳು ಬಿಳಿಚಿಕೊಂಡಿರುತ್ತವೆ. ನೀರು ಕೆಟ್ಟಿತೆ, ಬಿಸಿಲು ಸಾಲದೆ ಎಂದು ಹಿರಿಯರು ಬಗೆಬಗೆಯಾಗಿ ಊಹಿಸುತ್ತಾರೆ. ಆದರೆ ಅದು ದಿನವೂ ಏನು ತಿನ್ನುತ್ತಿದೆ ಎಂದು ವಿಚಾರಿಸುವವರು ವಿರಳ.

ನಮ್ಮ ನಗರಗಳಲ್ಲಿಯೂ ಮಾರಾಟಕ್ಕೆ ಬರುವ ಈ ಪ್ರಾಣಿಯ ಹೆಸರು ರೆಡ್ ಇಯರ್ಡ್ ಸ್ಲೈಡರ್. ಕೆಂಪುಕಿವಿಯ ಆಮೆ ಎನ್ನೋಣ. ಅಮೆರಿಕದ ಮಿಸಿಸಿಪಿ ನದಿಯ ಸೀಮೆ ಇದರ ತವರು. ಅಲ್ಲಿ ಎಳೆಯ ಆಮೆ ಹುಳು, ಗೊದಮೊಟ್ಟೆ, ಸಣ್ಣ ಮೀನುಗಳನ್ನು ಹಿಡಿದು ತಿನ್ನುತ್ತದೆ. ಬೆಳೆದಂತೆ ನೀರಿನ ಗಿಡಗಳು, ಪಾಚಿ ಅದರ ಊಟದಲ್ಲಿ ಹೆಚ್ಚುತ್ತವೆ. ಅದರ ಬಣ್ಣದ ಗುಟ್ಟು ಈ ಊಟದಲ್ಲಿಯೇ ಇದೆ.

ಚಿಪ್ಪಿನ ಕಪ್ಪು, ಕಂದುಗಳಿಗೆ ಕಾರಣವಾದ ಮೆಲನಿನ್ ಎಂಬ ದ್ರವ್ಯವನ್ನು ಆಮೆ ತನ್ನ ಮೈಯಲ್ಲಿಯೇ ತಯಾರಿಸಿಕೊಳ್ಳುತ್ತದೆ. ಹಳದಿ ಮತ್ತು ಕೆಂಪಿನ ಕಥೆ ಬೇರೆ. ಅವು ಕೆರೊಟಿನಾಯ್ಡ್ ಎಂಬ ವರ್ಗದವು. ಗಿಡಗಳೂ ಪಾಚಿಗಳೂ ಅವನ್ನು ಸೃಷ್ಟಿಸಬಲ್ಲವು, ಆಮೆ ಸೃಷ್ಟಿಸಲಾರದು. ಹಸಿರನ್ನು ತಿಂದೋ, ಹಸಿರು ತಿಂದ ಜೀವಿಯನ್ನು ತಿಂದೋ ಪಡೆಯಬೇಕು. ಇದು ನಮಗೆ ಅಪರಿಚಿತವೇನಲ್ಲ. ಹಸುವಿನ ತುಪ್ಪದ ಹೊಂಬಣ್ಣ ಅದು ಮೇದ ಹಸಿರು ಹುಲ್ಲಿನದು. ಅದೇ ಹುಲ್ಲನ್ನು ಮೇದರೂ ಎಮ್ಮೆಯ ತುಪ್ಪ ಬಿಳುಪು. ಏಕೆಂದರೆ ಎಮ್ಮೆ ಆ ಬಣ್ಣವನ್ನು ಬಣ್ಣವಿಲ್ಲದ ‘ಎ’ ಜೀವಸತ್ವವನ್ನಾಗಿ ಮಾರ್ಪಡಿಸುತ್ತದೆ. ತಿಂದದ್ದಷ್ಟೇ ಅಲ್ಲ, ತಿಂದದ್ದನ್ನು ದೇಹ ಏನು ಮಾಡುತ್ತದೆ ಎಂಬುದೂ ಮುಖ್ಯ.

ಆಮೆ ಮಾಡುವುದು ಇನ್ನೂ ಸೋಜಿಗ. ಕೆಂಪುಕಿವಿಯ ಹತ್ತಿರದ ನಂಟನಾದ ಚಿತ್ತಾರದ ಆಮೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು 2016ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಆಹಾರದ ಹಳದಿಯನ್ನು ಕೆಂಪಾಗಿಸುವ ಜೀನ್ ಹಕ್ಕಿಗಳಲ್ಲಿಯೂ ಆಮೆಗಳಲ್ಲಿಯೂ ಒಂದೇ. ಆಮೆಯಲ್ಲಿ ಅದು ಚರ್ಮದಲ್ಲಷ್ಟೇ ಅಲ್ಲ, ಕಣ್ಣಿನ ಒಳಪದರದಲ್ಲಿಯೂ ಕೆಲಸ ಮಾಡುತ್ತದೆ. ಅಲ್ಲಿ ಕೆಂಪು ಎಣ್ಣೆಯ ಸೂಕ್ಷ್ಮ ಹನಿಗಳು ಬಣ್ಣಗಳನ್ನು ಬೇರ್ಪಡಿಸಿ ಕಾಣಲು ನೆರವಾಗುತ್ತವೆ. ಆಮೆಗೆ ಕೆಂಪು ಬರಿಯ ಅಲಂಕಾರವಲ್ಲ.

ಆದರೆ ಮನೆಯ ತೊಟ್ಟಿಯಲ್ಲಿ ಅದಕ್ಕೆ ಸಿಗುವುದೇನು? ಎಷ್ಟೋ ಕಡೆ ಡಬ್ಬಿಯಲ್ಲಿ ಬರುವ ಒಣ ಸಿಗಡಿಯೇ ಮೂರು ಹೊತ್ತಿನ ಊಟ. ಇಂಥ ಒಂದೇ ಬಗೆಯ ಊಟದಿಂದ ಬಣ್ಣ ಮಾಸುವುದು ಹಾಗಿರಲಿ, ‘ಎ’ ಜೀವಸತ್ವದ ಕೊರತೆಯೂ ಉಂಟಾಗಬಹುದು. ಆಗ ರೆಪ್ಪೆಗಳು ಊದಿಕೊಂಡು ಕಣ್ಣು ಮುಚ್ಚುತ್ತವೆ. ಕಾಣದ ಆಮೆ ಊಟ ಬಿಡುತ್ತದೆ. ಮನೆಯವರು “ನಿದ್ರೆ ಮಾಡುತ್ತಿದೆ” ಎಂದುಕೊಂಡು ಸುಮ್ಮನಿರುತ್ತಾರೆ. ಅದು ನಿದ್ರೆಯಲ್ಲ, ಉಪವಾಸ. ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಜೀವಸತ್ವದ ಔಷಧವನ್ನು ಅಂದಾಜಿನಿಂದ ಕೊಡಬಾರದು. ಅತಿಯಾದರೆ ಚರ್ಮವೇ ಸುಲಿದುಬರುವುದುಂಟು.

ಹಾಗಾದರೆ ಏನು ಕೊಡಬೇಕು? ಆಮೆಗೆಂದೇ ತಯಾರಿಸಿದ ಗುಳಿಗೆ, ಮುಳ್ಳುಸಹಿತವಾದ ಸಣ್ಣ ಮೀನು, ಎರೆಹುಳು. ಜೊತೆಗೆ ಸೊಪ್ಪು, ಸ್ವಲ್ಪ ಕ್ಯಾರೆಟ್, ಸಿಹಿಗುಂಬಳ. ಕೆಂಪು ಬೇಕೆಂದು ಕ್ಯಾರೆಟ್ಟನ್ನೇ ರಾಶಿ ಹಾಕುವುದು ಸಲ್ಲದು. ಪಾಲಕ್ ಸೊಪ್ಪು ದಿನವೂ ಬೇಡ. ಅದರಲ್ಲಿನ ಆಕ್ಸಲೇಟು ಸುಣ್ಣದಂಶವನ್ನು ಮೈಗೆ ಹತ್ತಗೊಡದು. ಚಿಪ್ಪು ಗಟ್ಟಿಯಾಗಲು ನೇರ ಬಿಸಿಲೂ ಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಸಾಲದು. ಜೊತೆಗೆ ಸರಿಯಲು ನೆರಳೂ ಇರಲಿ. ಆಮೆಯ ಒಡಲು ನಿಧಾನದ್ದು. ನಾಲ್ಕು ದಿನದಲ್ಲಿ ಬಣ್ಣ ಮರಳಲೆಂದು ಕಾಯಬೇಡಿ.

ಬಣ್ಣ ಮಾಸಿದ್ದೆಲ್ಲ ಕೊರತೆಯೂ ಅಲ್ಲ. ಮೊಟ್ಟೆಯಿಂದ ಹೊರಬಂದಾಗ ಸುಮಾರು 3 ಸೆಂಟಿಮೀಟರಿನ ಹಚ್ಚಹಸಿರು ಮರಿ, ಬೆಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ವಯಸ್ಸಾದ ಗಂಡಾಮೆಗಳಲ್ಲಿ ಮೆಲನಿನ್ ಹೆಚ್ಚಿ ಕೆಂಪು ಪಟ್ಟೆಯೇ ಮುಚ್ಚಿಹೋಗಬಹುದು. ಕಣ್ಣು ತೆರೆದಿದ್ದು, ಚಿಪ್ಪು ಗಟ್ಟಿಯಾಗಿದ್ದು, ಹಸಿವು ಚೆನ್ನಾಗಿದ್ದರೆ ಅದು ವಯಸ್ಸಿನ ಬಣ್ಣ. ಅದಕ್ಕೆ ಮದ್ದು ಬೇಡ.

ಅಪಾಯವಿರುವುದು ನಮ್ಮ ಮನಸ್ಸಿನಲ್ಲಿ. ಅಂಗೈಯಗಲದ ಚೆಲುವು ಮಾಸಿ, 25 ಸೆಂಟಿಮೀಟರಿನ ಕಂದು ಪ್ರಾಣಿಯಾದಾಗ ಅಕ್ಕರೆಯೂ ಮಾಸುತ್ತದೆ. “ಪಾಪ, ಕೆರೆಗೆ ಬಿಡೋಣ” ಎನ್ನುತ್ತಾರೆ. ಆ ದಯೆ ದಯೆಯಲ್ಲ. ಪರದೇಶಗಳಿಗೆ ನುಗ್ಗಿ ಅಲ್ಲಿನ ಜೀವಿಗಳಿಗೆ ಕಂಟಕವಾದ ಜಗತ್ತಿನ 100 ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರೂ ಇದೆ. ಅದು 20 ವರ್ಷಕ್ಕೂ ಮೀರಿ ಬದುಕಬಲ್ಲದು. ತಂದ ಮೇಲೆ ಅಷ್ಟು ಕಾಲವೂ ಅದು ಮನೆಯ ಹೊಣೆ.

ಆದುದರಿಂದ ಮಗು ಬಂದು ಕೇಳಿದಾಗ, “ಬಾ, ಅದಕ್ಕೆ ಏನು ಹಾಕುತ್ತಿದ್ದೇವೆ ನೋಡೋಣ” ಎಂದು ಎದ್ದುಹೋಗಿ ತೊಟ್ಟಿಯ ಮುಂದೆ ಕೂಡಿ. ಪಟ್ಟೆಗಿಂತ ಮೊದಲು ಕಣ್ಣನ್ನು ನೋಡಿ.