ಸರ್ವಿಸ್ ಆದಮೇಲೆ ಮೈಲೇಜ್ ಎಲ್ಲಿ ಹೋಯಿತು?

"ಸರ್ವಿಸಿಗೆ ಬಿಡೋ ಮುಂಚೆ ಅರವತ್ತು ಕೊಡ್ತಿತ್ತು, ಈಗ ಐವತ್ತು ದಾಟ್ತಿಲ್ಲ." ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳದೇ ಇರದು. "ಹೊಸ ಆಯಿಲ್ ಅಲ್ವಾ ಸಾರ್, ಒಂದ್ವಾರ ಓಡ್ಸಿ, ಸೆಟ್ ಆಗುತ್ತೆ" ಎಂಬ ಉತ್ತರವೂ ಅಷ್ಟೇ ಹಳೆಯದು. ಚೆನ್ನಾಗಿ ಓಡುತ್ತಿದ್ದ ಬೈಕು ಸರ್ವಿಸ್ ಆದ ಮರುದಿನದಿಂದಲೇ ಹೆಚ್ಚು ಪೆಟ್ರೋಲ್ ಕುಡಿಯತೊಡಗಿದರೆ ಎಂಜಿನ್ ಸವೆದಿದೆ ಎನ್ನಲಾಗದು. ಸವಕಳಿ ಒಂದೇ ದಿನಕ್ಕೆ ಆಗುವಂಥದ್ದಲ್ಲ. ಯಾರೋ ಸ್ಪ್ಯಾನರ್ ಇಟ್ಟ ಜಾಗದಲ್ಲೇ ಕಾರಣ ಇರುತ್ತದೆ. ಹಾಗಾಗಿ ಹುಡುಕಾಟ ಶುರುವಾಗಬೇಕಾದದ್ದು ಸರ್ವಿಸ್ ಬಿಲ್ಲಿನಿಂದ: ಏನನ್ನು ಬಿಚ್ಚಿದರು, ಏನನ್ನು ಬಿಗಿದರು, ಏನನ್ನು ಬದಲಿಸಿದರು?

ಅದಕ್ಕೂ ಮೊದಲು, ಮೈಲೇಜ್ ನಿಜಕ್ಕೂ ಇಳಿದಿದೆಯೇ ಎಂದು ನೋಡಿಕೊಳ್ಳಬೇಕು. ಸರ್ವಿಸ್ ಆದ ಮೊದಲ ಟ್ಯಾಂಕಿನ ಲೆಕ್ಕವನ್ನು ನಂಬಬಾರದು. ಕಾರ್ಬುರೇಟರ್ ಬಿಚ್ಚುವಾಗ ಒಂದಷ್ಟು ಪೆಟ್ರೋಲ್ ಚೆಲ್ಲಿರುತ್ತದೆ, ಟ್ರಯಲ್ ನೋಡುವಾಗ ಒಂದಷ್ಟು ಉರಿದಿರುತ್ತದೆ. ನಿಮ್ಮ ಟ್ಯಾಂಕಿನ ಪೆಟ್ರೋಲಿನಲ್ಲೇ ನಿಮ್ಮ ಚೈನ್ ತೊಳೆಯುವ ಗ್ಯಾರೇಜುಗಳೂ ಉಂಟು. ಎರಡು ಲೀಟರ್ ಹಾಕಿಸಿ ಅಳೆಯುವುದೂ ಮೋಸವೇ. ಟ್ಯಾಂಕಿನ ಮಟ್ಟ ಅಂದಾಜಿಸುವಾಗ 200 ಮಿಲಿಲೀಟರ್ ಆಚೀಚೆ ಆದರೆ ಎರಡು ಲೀಟರಿಗೆ ಅದು ಶೇಕಡಾ 10. ಅರವತ್ತು ಕೊಡುವ ಬೈಕು ಕಾಗದದ ಮೇಲೆ ಐವತ್ತನಾಲ್ಕಕ್ಕೆ ಇಳಿಯಲು ಅಷ್ಟು ಸಾಕು. ಡಬಲ್ ಸ್ಟ್ಯಾಂಡ್ ಹಾಕಿ, ಒಂದೇ ಬಂಕಿನಲ್ಲಿ ಒಂದೇ ಮಟ್ಟಕ್ಕೆ ಟ್ಯಾಂಕ್ ತುಂಬಿಸಿ, ಆರು ಲೀಟರ್ ಖರ್ಚಾದ ಮೇಲೆ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿದರೆ ಅದೇ ತಪ್ಪು ಶೇಕಡಾ 3ಕ್ಕೆ ಕುಗ್ಗುತ್ತದೆ.

ಮುಂದಿನ ಟೈರ್ ಹೊಸದಾಗಿ ಹಾಕಿಸಿದ್ದರೆ ಇನ್ನೊಂದು ಚಮತ್ಕಾರ ನಡೆಯುತ್ತದೆ. ಕೇಬಲ್ ಮೀಟರಿನ ಬಹಳಷ್ಟು ಬೈಕುಗಳು ಮುಂದಿನ ಚಕ್ರದ ಸುತ್ತುಗಳನ್ನು ಎಣಿಸಿಯೇ ಕಿಲೋಮೀಟರ್ ತೋರಿಸುತ್ತವೆ. ಸವೆದ ಟೈರ್ ಚಿಕ್ಕದು, ಒಂದು ಕಿಲೋಮೀಟರಿಗೆ ಹೆಚ್ಚು ಸುತ್ತುತ್ತದೆ. ಹೊಸದರ ತ್ರಿಜ್ಯ ನಾಲ್ಕು ಮಿಲಿಮೀಟರ್ ಹೆಚ್ಚಿದ್ದರೂ ಮೀಟರ್ ಶೇಕಡಾ 1ಕ್ಕಿಂತ ತುಸು ಹೆಚ್ಚೇ ಕಡಿಮೆ ಓಡುತ್ತದೆ. ಬೈಕು ಹೋದ ದೂರ ಅಷ್ಟೇ, ಮೀಟರ್ ಒಪ್ಪಿಕೊಂಡದ್ದು ಮಾತ್ರ ಕಡಿಮೆ.

ಇಷ್ಟಾದರೂ ವ್ಯತ್ಯಾಸ ಉಳಿದರೆ ಬೈಕಿನ ಕಡೆಗೆ ಬರೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ. 100 ಸಿಸಿ ಬೈಕಿನ ಮೇಲೆ ಒಬ್ಬರು ಕುಳಿತು 50 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿಯ ತಡೆ ಮತ್ತು ಟೈರಿನ ತಡೆ ಸೇರಿ ಅಂದಾಜು 100 ನ್ಯೂಟನ್ ಆಗುತ್ತದೆ. ಅಂದರೆ ಹತ್ತು ಕಿಲೋ ಅಕ್ಕಿಯನ್ನು ಎತ್ತಿ ಹಿಡಿಯುವಷ್ಟು ಬಲ. ಅರವತ್ತು ಕಿಲೋಮೀಟರ್ ಆ ಬಲದ ವಿರುದ್ಧ ಸಾಗಲು ಬೇಕಾದ್ದು 6 ಮೆಗಾಜೂಲ್. ಉಳಿದ 26 ಬಿಸಿಯಾಗಿ ಸೈಲೆನ್ಸರಿನಲ್ಲಿ, ಎಂಜಿನ್ನಿನ ರೆಕ್ಕೆಗಳಲ್ಲಿ, ಒಳಗಿನ ಘರ್ಷಣೆಯಲ್ಲಿ ಹೋಗುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಆ 100 ನ್ಯೂಟನ್ ಎಷ್ಟು ಚಿಕ್ಕದು ಎಂಬುದನ್ನು. ಬ್ರೇಕ್ ಶೂ ಡ್ರಮ್ಮಿಗೆ ತಾಗಿಕೊಂಡು 10 ನ್ಯೂಟನ್ ಹೆಚ್ಚುವರಿ ತಡೆ ಒಡ್ಡಿದರೂ ಚಕ್ರದ ಮೇಲಿನ ಹೊರೆ ಶೇಕಡಾ 10 ಏರುತ್ತದೆ. ಎಂಜಿನ್ನಿನ ಒಳಘರ್ಷಣೆ ಅಷ್ಟೇ ಇರುವುದರಿಂದ ಪೆಟ್ರೋಲ್ ಖರ್ಚು ಅದೇ ಪ್ರಮಾಣದಲ್ಲಿ ಏರದು, ಆದರೂ ಅರವತ್ತು ಇದ್ದದ್ದು ಐವತ್ತೇಳರ ಸುತ್ತಮುತ್ತ ಬಂದು ನಿಲ್ಲುತ್ತದೆ. ಓಡಿಸುವವನಿಗೆ ಇದು ಗೊತ್ತೇ ಆಗದು. ಹಾಗಾಗಿ ನನ್ನ ಮಟ್ಟಿಗೆ ಮೊದಲ ಅನುಮಾನ ಕಾರ್ಬುರೇಟರಿನ ಮೇಲಲ್ಲ, ಹಿಂದಿನ ಚಕ್ರದ ಬ್ರೇಕ್ ನಟ್ಟಿನ ಮೇಲೆ.

ಗ್ಯಾರೇಜಿನಿಂದ ಹೊರಬಂದವರು ಮೊದಲು ಮಾಡುವುದೇ ಬ್ರೇಕ್ ಒತ್ತಿ ನೋಡುವುದು. ಅದು ತಕ್ಷಣ ಹಿಡಿಯಲಿ ಎಂದು ಮೆಕ್ಯಾನಿಕ್ ನಟ್ಟನ್ನು ಒಂದು ಸುತ್ತು ಹೆಚ್ಚೇ ತಿರುಗಿಸಿರುತ್ತಾನೆ. ಇದಕ್ಕಿಂತ ಕಣ್ಣಿಗೆ ಬೀಳದ ಇನ್ನೊಂದು ದಾರಿಯಿದೆ. ಚೈನ್ ಬಿಗಿ ಮಾಡುವುದೆಂದರೆ ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆಯುವುದು. ಪೆಡಲಿನಿಂದ ಡ್ರಮ್ಮಿಗೆ ಹೋಗುವ ಬ್ರೇಕ್ ರಾಡ್‌ನ ಉದ್ದ ಮಾತ್ರ ಬದಲಾಗುವುದಿಲ್ಲ. ಚಕ್ರ ಹಿಂದೆ ಸರಿದಷ್ಟೂ ರಾಡ್ ಬ್ರೇಕಿನ ತೋಳನ್ನು ಎಳೆದು ಹಿಡಿಯುತ್ತದೆ. ಬಿಲ್ಲಿನಲ್ಲಿ "ಚೈನ್ ಅಡ್ಜಸ್ಟ್" ಎಂದಷ್ಟೇ ಇರುತ್ತದೆ. ಬ್ರೇಕನ್ನು ಯಾರೂ ಮುಟ್ಟದೆಯೇ ಬ್ರೇಕ್ ಬಿಗಿಯಾಗಿರುತ್ತದೆ! ಚೈನೇ ಅತಿ ಬಿಗಿಯಾದರೆ ಅದೂ ಬೇರಿಂಗುಗಳ ಮೇಲೆ ಹೊರೆ. ಸಾಮಾನ್ಯ ಬೈಕುಗಳಲ್ಲಿ ಚೈನಿನ ನಡುಭಾಗ ಎರಡೂವರೆ ಮೂರು ಸೆಂಟಿಮೀಟರ್ ಮೇಲೆ ಕೆಳಗೆ ಆಡಬೇಕು. ನಿಮ್ಮ ಮಾಡೆಲಿಗೆ ಎಷ್ಟು ಎಂಬುದು ಬೈಕಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಡಬಲ್ ಸ್ಟ್ಯಾಂಡ್, ನ್ಯೂಟ್ರಲ್, ಕೈಯಿಂದ ಚಕ್ರ ತಿರುಗಿಸಿ. ಸಣ್ಣ ಸವರುವ ಸದ್ದು ಬಂದರೆ ಚಿಂತೆಯಿಲ್ಲ, ಆದರೆ ಬಿಟ್ಟ ಕೂಡಲೇ ನಿಲ್ಲಬಾರದು. ಬ್ರೇಕ್ ಹೆಚ್ಚು ಬಳಸದೆ ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ಡ್ರಮ್ಮಿನ ಬಳಿ ಕೈ ಒಯ್ದು ನೋಡಿ, ಒಮ್ಮೆಲೇ ಒತ್ತಿ ಹಿಡಿಯಬೇಡಿ. ಬ್ರೇಕ್ ತಾಗುತ್ತಿದ್ದರೆ ಕಳೆದುಹೋದ ಪೆಟ್ರೋಲ್ ಅಲ್ಲಿ ಬಿಸಿಯಾಗಿ ಕೂತಿರುತ್ತದೆ. ಟೈರಿನ ಗಾಳಿಯನ್ನೂ ಅದೇ ಹೊತ್ತಿಗೆ ನೋಡಿಬಿಡಿ.

ಇನ್ನು ಆ "ಹೊಸ ಆಯಿಲ್". 10ಡಬ್ಲ್ಯೂ-30 ಬೇಕಾದ ಎಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ದಪ್ಪ ಎಣ್ಣೆಯನ್ನು ಕಡೆಯುವುದಕ್ಕೇ ಶಕ್ತಿ ವ್ಯಯವಾಗುತ್ತದೆ, ಅದರಲ್ಲೂ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ. ಅದು ವಾರ ಕಳೆದರೂ "ಸೆಟ್" ಆಗುವುದಿಲ್ಲ. ಕಾರಿನ ಆಯಿಲ್ ಹಾಕಿದರೆ ತೊಂದರೆ ಬೇರೆ. ಬಹುತೇಕ ಬೈಕುಗಳ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿರುವ ಜಾರಿಕೆಯ ಅಂಶ ಆ ಪ್ಲೇಟುಗಳನ್ನೂ ಜಾರಿಸುತ್ತದೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತಿದೆಯೇ ನೋಡಿ. ಕ್ಲಚ್ ಕೇಬಲ್ ಅತಿ ಬಿಗಿಯಾಗಿದ್ದರೂ ಇದೇ ಕಥೆ: ಏರಿನಲ್ಲಿ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಎಂಜಿನ್ನಿನ ಉಸಿರಾಟದ ವಿಚಾರ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬುರೇಟರ್ ಈ ಪ್ರಮಾಣವನ್ನು ರಂಧ್ರಗಳ ಅಳತೆಯಿಂದ, ಒಂದೆರಡು ಸ್ಕ್ರೂಗಳಿಂದ ಕಾಯುತ್ತದೆ. ಗಾಳಿ ತೆಳುವಾದರೆ ಅದಕ್ಕೆ ತಿಳಿಯದು. ಸಮುದ್ರಮಟ್ಟದ ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಬೈಕನ್ನು 900 ಮೀಟರಿಗೂ ಎತ್ತರದ ಬೆಂಗಳೂರಿಗೆ ತಂದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಶೇಕಡಾ 4-5 ಏರುತ್ತದೆ. ಸಿಗ್ನಲ್ಲಿನಲ್ಲಿ ಆಫ್ ಆಗದಿರಲೆಂದು ಐಡ್ಲಿಂಗ್ ಏರಿಸಿಕೊಟ್ಟಿದ್ದರಂತೂ ನಿಂತಲ್ಲೇ ಪೆಟ್ರೋಲ್ ಉರಿಯುತ್ತಿರುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ಕಂದು ಬಣ್ಣಕ್ಕಿದ್ದರೆ ಸರಿ, ಒಣ ಮಸಿ ಮೆತ್ತಿಕೊಂಡಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲಿನ ಬೈಕುಗಳಲ್ಲಿ ಕಾರ್ಬುರೇಟರ್ ಹೆಚ್ಚುಕಡಿಮೆ ಮಾಯವಾಗಿ, ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬಂದಿದೆ. ಸೈಲೆನ್ಸರ್ ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ನೋಡಿ ಪೆಟ್ರೋಲ್ ಅಳತೆಯನ್ನು ತಿದ್ದುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡರೂ ಇಲ್ಲಿ ಮೈಲೇಜಿಗೆ ದೊಡ್ಡ ಪೆಟ್ಟಿಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಕಾರುಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಇಂಜೆಕ್ಷನ್ ಕಾರುಗಳ ವೇಗೋತ್ಕರ್ಷ ಕುಗ್ಗಿತೇ ಹೊರತು ಇಂಧನ ಖರ್ಚು ಗಣನೀಯವಾಗಿ ಏರಲಿಲ್ಲ. ಇಂಥ ಬೈಕಿನಲ್ಲಿ ಹುಡುಕಬೇಕಾದ್ದು ಸರಿಯಾಗಿ ಕೂರದ ವೈರಿನ ಕನೆಕ್ಟರನ್ನು. ಎಂಜಿನ್ ಬಿಸಿ ತಿಳಿಸುವ ಸೆನ್ಸರ್ ಸುಳ್ಳು ಹೇಳಿದರೆ ಕಂಪ್ಯೂಟರ್ ಎಂಜಿನ್ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಈಗ ಎಲ್ಲ ದೂರಿಗೂ ಸಿಗುವ ಉತ್ತರ ಪೆಟ್ರೋಲಿಗೆ ಬೆರೆಸುವ ಎಥನಾಲ್. ಅದರಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ ಇರುವುದು ನಿಜ. ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರಗಳು ಶೇಕಡಾ 20ರಲ್ಲಿ ಓಡಿದರೆ ಮೈಲೇಜ್ ಶೇಕಡಾ 3-4 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಅರವತ್ತಕ್ಕೆ ಅದು ಎರಡು ಕಿಲೋಮೀಟರ್, ಹತ್ತಲ್ಲ. ಸರ್ವಿಸಿನ ಹಿಂದಿನ ವಾರವೂ ನೀವು ಹಾಕಿಸಿದ್ದು ಅದೇ ಪೆಟ್ರೋಲನ್ನೇ.

ಗ್ಯಾರೇಜಿಗೆ ಮರಳಿ ಹೋಗುವುದಾದರೆ "ಮೈಲೇಜ್ ಬರ್ತಿಲ್ಲ" ಎನ್ನಬೇಡಿ. ಆ ಮಾತಿಗೆ ಮೆಕ್ಯಾನಿಕ್ ಟ್ಯೂನಿಂಗ್ ಸ್ಕ್ರೂ ತಿರುಗಿಸುತ್ತಾನೆ, ಆಗ ಒಂದು ದೋಷದ ಜೊತೆ ಎರಡನೆಯದೂ ಸೇರಿಕೊಳ್ಳುತ್ತದೆ. "ಹಿಂದಿನ ಚಕ್ರ ಅರ್ಧ ಸುತ್ತಿಗೇ ನಿಲ್ಲುತ್ತಿದೆ, ಡ್ರಮ್ ಸುಡುತ್ತಿದೆ" ಎಂದರೆ ಅವನ ಕೈ ನೇರ ಆ ನಟ್ಟಿಗೆ ಹೋಗುತ್ತದೆ. ಅದನ್ನಷ್ಟೇ ಸಡಿಲಿಸಿಕೊಂಡು ಬಂದು, ಇನ್ನೊಂದು ಟ್ಯಾಂಕ್ ಅಳೆದು, ಆಮೇಲೆ ಬಿಲ್ಲಿನ ಮುಂದಿನ ಸಾಲಿಗೆ ಹೋಗಿ.